ಹುಡುಗ ಪ್ರೊಹಿಬಿಷನ್‌ದಾಗ ಅದಾನ

ಬೆಳಗಾವಿ ಸೀಮೆಯಲ್ಲಿ ‘ಬ್ಯಾನ್’ ಎಂಬುದು ಈಗ ಮನೆಮಾತು. 2013ರಲ್ಲಿ ಗುಟ್ಕಾ ಬ್ಯಾನ್ ಆದ ಮೇಲೆ ಪಾನ್ ಅಂಗಡಿಯಲ್ಲಿ ಮಸಾಲೆಯ ಚೀಟಿ ಒಂದು ಕಡೆ, ತಂಬಾಕಿನ ಚೀಟಿ ಇನ್ನೊಂದು ಕಡೆ ತೂಗಾಡುತ್ತ, ಎರಡೂ ಗಿರಾಕಿಯ ಅಂಗೈಯಲ್ಲಿ ಒಂದಾಗುವುದನ್ನು ಕಂಡ ನಮ್ಮ ಜನ ಆ ಪದದ ಅರ್ಥವನ್ನು ತಮಗೆ ಅನುಕೂಲವಾಗುವಂತೆ ತಿಳಿದುಕೊಂಡಿದ್ದಾರೆ. ಆದರೆ ಅದರ ಹಿರಿಯಣ್ಣನಾದ ‘ಪ್ರೊಹಿಬಿಷನ್’ ಸರಕಾರಿ ಕಾಗದ ಬಿಟ್ಟು ಹೊರಗೆ ಅಷ್ಟಾಗಿ ತಿರುಗಾಡುವ ಪದವಲ್ಲ. ಅದು ನನ್ನ ಸೋದರಮಾವನ ಬಾಯಿಗೆ ಸಿಕ್ಕ ದಿನ ನನ್ನ ತಮ್ಮನ ಲಗ್ನದ ಮಾತು ಮುರಿದು ಬೀಳುವುದು ಸ್ವಲ್ಪದರಲ್ಲಿ ತಪ್ಪಿತು.

ಅದು ಡಿಸೆಂಬರ್ ತಿಂಗಳು. ಸುವರ್ಣ ವಿಧಾನಸೌಧದಲ್ಲಿ ಚಳಿಗಾಲದ ಅಧಿವೇಶನ ನಡೆದಿತ್ತು. ಅಧಿವೇಶನ ಬಂತೆಂದರೆ ಸೌಧದ ಸುತ್ತ ನಿಷೇಧಾಜ್ಞೆ ಬರುತ್ತದೆ, ಕೊಂಡಸಕೊಪ್ಪದ ಬಯಲಿನಲ್ಲಿ ಪ್ರತಿಭಟನೆಯವರ ಪೆಂಡಾಲು ಏಳುತ್ತದೆ. ಕನ್ಯೆಯ ಮನೆ ಇದ್ದದ್ದು ಅಲ್ಲಿಗೆ ಹತ್ತಿರದ ಹಲಗಾದಲ್ಲಿ. ಕಿತ್ತೂರಿನಿಂದ ಕ್ರೂಸರ್ ಗಾಡಿಯಲ್ಲಿ ಹೊರಟವರು ನಾವು ಏಳು ಜನ. ಶುಭಕಾರ್ಯಕ್ಕೆ ಬೆಸ ಸಂಖ್ಯೆಯಲ್ಲಿ ಹೋಗಬೇಕು, ಆದರೆ ಮೂವರು ಹೋಗಬಾರದು ಎಂಬುದು ಹಿರಿಯರ ನೇಮ. ಐದು ಅಥವಾ ಹೆಚ್ಚು ಜನ ಸೇರಬಾರದು ಎಂಬುದು ಸರಕಾರದ ನೇಮ. ಎರಡನ್ನೂ ಪಾಲಿಸಿದರೆ ವರನೊಬ್ಬನೇ ಹೋಗಬೇಕಾಗುತ್ತದೆ, ಮತ್ತು ಅದನ್ನು ನಮ್ಮ ಅತ್ತಿ ಮೊದಲೇ ಬ್ಯಾನ್ ಮಾಡಿದ್ದರು.

ಹೆದ್ದಾರಿಯ ಬದಿಯಲ್ಲಿ ಪೊಲೀಸರು ಗಾಡಿಗೆ ಕೈ ಅಡ್ಡ ಮಾಡಿದರು. ಅದಕ್ಕೆ ಕಾರಣ ಮಾಮಾನ ಹೆಗಲ ಮೇಲಿನ ಹಸಿರು ಶಾಲು. ಊರಿನ ಜಾತ್ರೆಯಲ್ಲಿ ಸನ್ಮಾನಕ್ಕೆಂದು ಹೊದಿಸಿದ ಆ ಶಾಲನ್ನು ಅವರು ಹಿರಿತನದ ಗುರುತಾಗಿ ಹೊದ್ದು ಬಂದಿದ್ದರೆ, ಪೊಲೀಸರ ಕಣ್ಣಿಗೆ ಅದು ರೈತ ಸಂಘದ ಶಾಲಾಗಿ ಕಂಡಿತು.

“ಪ್ರೊಹಿಬಿಟರಿ ಆರ್ಡರ್ ಐತ್ರಿ. ಪೆಂಡಾಲ್ ಆ ಕಡೆ ಐತಿ. ಏನೇನು ಬೇಡಿಕಿ ಅದಾವ ನಿಮ್ಮವು?” ಎಂದು ಒಬ್ಬ ಸಾಹೇಬರು ಕೇಳಿದರು.

“ನಮ್ಮದೇನೂ ಬೇಡಿಕಿ ಇಲ್ರಿ ಸಾಹೇಬ್ರ. ಹುಡುಗಿ ಒಪ್ಪಿದ್ರ ಸಾಕು,” ಎಂದರು ಮಾಮಾ.

ಸಾಹೇಬರು ನಕ್ಕು ಗಾಡಿಯ ನಂಬರು ಬರೆದುಕೊಂಡು ಬಿಟ್ಟರು. ಮಾಮಾ ಮಾತ್ರ ಇದು ಒನ್ ಫಾರ್ಟಿಫೋರೇ ಹೌದೋ ಎಂದು ಕೇಳಿ, 2024ರ ಜುಲೈಯಿಂದ ಹೊಸ ಸಂಹಿತೆ ಜಾರಿಯಾಗಿ 144 ಹೋಗಿ 163 ಬಂದಿದೆ ಎಂಬ ಉತ್ತರವನ್ನೂ ಪಡೆದುಕೊಂಡರು. (ಹಳೆಯ ಕಲಮಿನಲ್ಲಾಗಲಿ ಹೊಸದರಲ್ಲಾಗಲಿ ‘ಐದು ಜನ’ ಎಂಬ ಮಾತೇ ಇಲ್ಲ, ಆ ಐದು ಬಂದಿರುವುದು ಅಕ್ರಮ ಕೂಟದ ವ್ಯಾಖ್ಯೆಯಿಂದ. ಇದನ್ನು ಅಲ್ಲಿಯೇ ಹೇಳುವ ಧೈರ್ಯ ನನಗಿರಲಿಲ್ಲ.) ಹಲಗಾ ಮುಟ್ಟುವವರೆಗೂ ಅವರು ‘ಪ್ರೊಹಿಬಿಷನ್, ಪ್ರೊಹಿಬಿಷನ್’ ಎಂದು ಬಾಯಿಪಾಠ ಮಾಡುತ್ತಲೇ ಇದ್ದರು.

ಕನ್ಯೆಯ ಮನೆಯಲ್ಲಿ ಮಾತಿಗೆ ಕುಳಿತವರು ಆಕೆಯ ಅಜ್ಜ, ತೊಂಬತ್ತರ ಹತ್ತಿರದ ವಯಸ್ಸಿನವರು. ಬೆಳಗಾವಿ 1956ರ ನವೆಂಬರ್ 1ರವರೆಗೆ ಮುಂಬಯಿ ರಾಜ್ಯದಲ್ಲಿತ್ತು. ಅಲ್ಲಿ 1949ರ ಪ್ರೊಹಿಬಿಷನ್ ಕಾಯ್ದೆಯಂತೆ ಪಾನನಿರೋಧವಿತ್ತು, ಕುಡಿಯಬೇಕೆಂದವನು ಪರ್ಮಿಟ್ ಪಡೆಯಬೇಕಿತ್ತು. ಆರೋಗ್ಯದ ಕಾರಣ ಹೇಳಿ ವೈದ್ಯರಿಂದ ಬರೆಸಿಕೊಂಡು ಹೋದರೆ ಆ ಪರ್ಮಿಟ್ ಸಿಗುವುದೂ ಇತ್ತು. ಆ ಕಾಲದ ತರುಣರಾಗಿದ್ದ ಅಜ್ಜನಿಗೆ ಪ್ರೊಹಿಬಿಷನ್ ಎಂದರೆ ಶೆರೆ, ಬೇರೆ ಯಾವುದೂ ಅಲ್ಲ.

ತಮ್ಮನಿಗೆ ಸರಕಾರಿ ನೌಕರಿ ಸಿಕ್ಕು ಒಂದು ವರ್ಷವಾಗಿ, ಅವನಿನ್ನೂ ಪ್ರೊಬೇಷನ್‌ನಲ್ಲಿದ್ದ. ಮಾಮಾ ಗಂಟಲು ಸರಿಪಡಿಸಿಕೊಂಡು, “ಹುಡುಗ ಸದ್ಯ ಪ್ರೊಹಿಬಿಷನ್‌ದಾಗ ಅದಾನ್ರಿ. ಇನ್ನೊಂದು ವರ್ಷಕ್ಕ ಮುಗೀತೈತಿ,” ಎಂದರು.

ಅಜ್ಜ ಚಹಾದ ಬಸಿಯನ್ನು ಕೆಳಗಿಟ್ಟರು. “ಮುಗದ ಮ್ಯಾಲೆ?”

“ಮುಗದ ಮ್ಯಾಲೆ ಯಾರೂ ಕೇಳಾವ್ರ ಇಲ್ರಿ. ಪರ್ಮನೆಂಟ್.”

“ಸದ್ಯ ಪರ್ಮಿಟ್ ಐತೇನು?”

“ಆರ್ಡರ್ ಕಾಪಿ ಐತ್ರಿ. ಡಾಕ್ಟರ್ ಸರ್ಟಿಫಿಕೇಟ್ ಸುದ್ದಾ ಕೊಟ್ಟಾನ.”

“ಇದು ನಿಮ್ಮ ಊರಾಗ ಮಂದಿಗೆ ಗೊತ್ತೈತೇನು?”

“ಎಲ್ಲಾರಿಗೂ ಗೊತ್ತೈತ್ರಿ, ಮನಿಮನಿಗೆ ಪೇಢೆ ಹಂಚೇವಿ!”

ಅಜ್ಜ ನನ್ನ ತಮ್ಮನನ್ನು ತಲೆಯಿಂದ ಕಾಲಿನವರೆಗೆ ನೋಡಿ, ಇಷ್ಟು ಸಣ್ಣ ವಯಸ್ಸಿಗೆ ಹೀಗಾಗಬಾರದಿತ್ತು ಎಂಬಂತೆ ನಿಟ್ಟುಸಿರು ಬಿಟ್ಟರು. ಚೂಡಾದ ತಾಟು ನಮ್ಮ ಕಡೆಯಿಂದ ನಿಧಾನವಾಗಿ ಹಿಂದಕ್ಕೆ ಸರಿಯತೊಡಗಿತು. ಆಗ ಒಳಗಿನಿಂದ, ಕಾನೂನು ಓದುತ್ತಿದ್ದ ಕನ್ಯೆಯೇ ಮಾತನಾಡಿದಳು: “ಅಜ್ಜಾ, ಅದು ಪ್ರೊಬೇಷನ್. ನೌಕರಿ ಕಾಯಂ ಆಗೂದು. ಪ್ರೊಹಿಬಿಷನ್ ಅಲ್ಲ.”

“ಹಂಗಾರ ಪ್ರೊಹಿಬಿಷನ್ ಎದಕ್ಕ ಐತಿ ಈಗ?” ಅಜ್ಜನಿಗೆ ಹಳೆಯ ಪದ ಬಿಡಲು ಮನಸ್ಸಿರಲಿಲ್ಲ.

“ವರದಕ್ಷಿಣೆಗೆ ಐತಿ, 1961ರಿಂದ,” ಎಂದಳು ಆಕೆ. ಕೇಳುವುದಷ್ಟೇ ಅಲ್ಲ, ಕೊಡುವುದೂ ತೆಗೆದುಕೊಳ್ಳುವುದೂ ಅಪರಾಧ. ಕೇಳದೆ ಕೊಟ್ಟ ಉಡುಗೊರೆಗಳನ್ನು ಬೆಲೆ ಸಹಿತ ಪಟ್ಟಿ ಮಾಡಿ ವಧುವರರಿಬ್ಬರೂ ಸಹಿ ಹಾಕಬೇಕೆಂದು 1985ರ ನಿಯಮ ಹೇಳುತ್ತದೆ ಎಂದು ಪರೀಕ್ಷೆಗೆ ಉತ್ತರ ಬರೆದಂತೆ ಒಪ್ಪಿಸಿದಳು. “ನಿಮ್ಮ ಮಗಳಿಗೆ ನೀವು ಏನ ಕೊಡ್ತೀರೋ ಅದು ನಿಮಗ ಬಿಟ್ಟಿದ್ದು” ಎಂದು ಆರಂಭವಾಗಬೇಕಿದ್ದ ಮಾಮಾನ ಭಾಷಣ ಅಲ್ಲಿಗೇ ನಿಂತಿತು. ಅವರು ಶಾಲು ಸರಿಪಡಿಸಿಕೊಂಡು, ಬೇಡಿಕೆ ಇಲ್ಲವೆಂದು ತಾವು ಪೊಲೀಸರ ಮುಂದೆಯೇ ಹೇಳಿ ಬಂದಿರುವುದಾಗಿ ತಿಳಿಸಿದರು. ಪೊಲೀಸರ ಹೆಸರು ಕೇಳಿ ಅಜ್ಜ ಮತ್ತೆ ಬಸಿ ಕೆಳಗಿಟ್ಟರು. ಆ ಕಥೆಯನ್ನು ಬಿಡಿಸಿ ಹೇಳುವುದರಲ್ಲಿ ಎರಡನೆಯ ಸುತ್ತಿನ ಚಹಾ ಮುಗಿಯಿತು.

ಎಲ್ಲವನ್ನೂ ಕೇಳಿದ ಮೇಲೆ ಅಜ್ಜ, “ಅದೆಲ್ಲಾ ಇರ್ಲಿ. ಹುಡುಗ ಕುಡಿತಾನೋ ಇಲ್ಲೋ, ಅದನ್ನರ ಹೇಳ್ರಿ,” ಎಂದರು.

ಮಾಮಾ ಬಾಯಿ ತೆರೆಯುವಷ್ಟರಲ್ಲಿ ಅತ್ತಿ ಅವರ ಮೊಣಕೈ ಹಿಡಿದು ಜಗ್ಗಿದರು, ಮತ್ತು ಬೆಳಗಿನಿಂದ ತುಟಿ ಬಿಚ್ಚದಿದ್ದ ನನ್ನ ತಮ್ಮ, “ಇಲ್ರಿ ಅಜ್ಜಾರ, ಚಹಾ ಅಷ್ಟ,” ಎಂದ.