ಜೀವ ಇದೆ, ಒಟಿಪಿ ಬಂದಿಲ್ಲ

ನವೆಂಬರ್ ಬಂತೆಂದರೆ ಪಿಂಚಣಿದಾರರು ತಾವಿನ್ನೂ ಬದುಕಿರುವುದನ್ನು ರುಜುವಾತುಪಡಿಸಬೇಕು. 2014ರಿಂದ ಇದನ್ನು ‘ಜೀವನ್ ಪ್ರಮಾಣ್’ ಎಂಬ ಡಿಜಿಟಲ್ ವ್ಯವಸ್ಥೆಯಲ್ಲೂ ಮಾಡಬಹುದು. ಹಳೆಯ ಕಾಗದದ ಪ್ರಮಾಣಪತ್ರವೂ ಸಿಂಧುವೇ. ಈ ಎರಡನೆಯ ಸಂಗತಿಯನ್ನು ಮಾತ್ರ ಕೌಂಟರಿನ ಆಚೆ ಕೂತವರು ರಾಜರಹಸ್ಯದಂತೆ ಕಾಪಾಡುತ್ತಾರೆ.

ಕೊಪ್ಪಳದ ಅಂಥದೊಂದು ಕೌಂಟರಿಗೆ ನಮ್ಮ ಓಣಿಯ ಅಜ್ಜನನ್ನು ಕರೆದುಕೊಂಡು ಹೋಗಿದ್ದೆ. ರೈಲ್ವೆ ಗ್ಯಾಂಗ್‌ಮನ್ ಆಗಿ ಗಿಣಿಗೇರಿಯಿಂದ ಭಾನಾಪುರದವರೆಗೆ ಹಳಿಗೆ ಜಲ್ಲಿ ತುಂಬಿ, ಮೀಟರ್ ಗೇಜ್ ಹೋಗಿ ಬ್ರಾಡ್ ಗೇಜ್ ಬಂದದ್ದನ್ನು ಕಂಡ ಕೈಗಳು ಅವರವು. ಆ ಹೆಬ್ಬೆರಳಿನಲ್ಲಿ ಯಂತ್ರಕ್ಕೆ ಒಂದು ಗೆರೆಯೂ ಸಿಗಲಿಲ್ಲ.

“ಅಜ್ಜಾರ, ಬೆರಳು ಬರವಲ್ದು, ಒರಸಿ ಇನ್ನೊಮ್ಮೆ ಇಡ್ರಿ.”

ಅಜ್ಜ ಧೋತರದ ಅಂಚಿಗೆ ಒರೆಸಿದರು, ತಲೆಗೂದಲಿಗೆ ತಿಕ್ಕಿ ಎಣ್ಣೆಯ ಪಸೆ ಹಚ್ಚಿದರು, ಏಳು ಸಲ ಇಟ್ಟರು. ಇಂಥ ಬೆರಳುಗಳಿಗೆಂದೇ 2021ರಲ್ಲಿ ಮುಖ ಗುರುತಿಸುವ ಸೌಲಭ್ಯ ಬಂದಿದೆ. ಆದರೆ ಕಣ್ಣು ಮಿಟುಕಿಸಬೇಕೆಂಬ ಸೂಚನೆ ಇಂಗ್ಲಿಷಿನಲ್ಲಿ ಮೂಡಿದ್ದರಿಂದ, ಪೊರೆ ಬಂದ ಕಣ್ಣನ್ನು ಇನ್ನಷ್ಟು ಅಗಲಿಸಿ ಅಜ್ಜ ಓದಲೆತ್ನಿಸಿದರೇ ಹೊರತು ಮಿಟುಕಿಸಲಿಲ್ಲ. ಕೊನೆಗೆ ಒಟಿಪಿ ಹೊರಟಿತು; ನೋಂದಾಯಿಸಿದ್ದ ನಂಬರು ಮಗನದಾದ್ದರಿಂದ ಅದು ನೇರವಾಗಿ ಬೆಂಗಳೂರಿಗೆ ಹೋಯಿತು. ಮಗ ಫೋನಿನಲ್ಲೇ ಗದರಿಕೊಂಡ: ಒಟಿಪಿಯನ್ನು ಯಾರಿಗೂ ಹೇಳಬಾರದೆಂದು ತಾನೇ ನೂರು ಸಲ ಹೇಳಿರುವಾಗ ಇದೇನು ಹುಚ್ಚಾಟ? ಅವನದೂ ತಪ್ಪಲ್ಲ. ಹೇಳಬೇಡಿ ಎಂದು ಬೋರ್ಡು ಹಾಕಿದ ಗೋಡೆಯ ಕೆಳಗೇ ಹೇಳಿ ಎಂದು ಕೇಳುತ್ತಿದ್ದರು.

ಹಿರಿಯರಿಗೆ ಇಂಟರ್ನೆಟ್ ಕಲಿಯುವ ಮನಸ್ಸಿಲ್ಲ ಎಂಬ ತೀರ್ಪು ಹುಟ್ಟುವುದು ಇಂಥ ಕೌಂಟರುಗಳಲ್ಲಿಯೇ. ಇದೇ ಅಜ್ಜ ಮೊಮ್ಮಗ ಬಿಟ್ಟುಕೊಟ್ಟ ಫೋನಿನಲ್ಲಿ ಮೈಕಿನ ಗುರುತು ಒತ್ತಿ, ಬಾಯಿಂದಲೇ ಹೇಳಿ, ಯೂಟ್ಯೂಬಿನಲ್ಲಿ ದೊಡ್ಡಾಟ ನೋಡುತ್ತಾರೆ. ಬೆಳಗಿನ ಐದಕ್ಕೆ ಇಡೀ ಓಣಿಗೆ ವಾಟ್ಸ್ಆ್ಯಪಿನಲ್ಲಿ ಗುಲಾಬಿ ಹಂಚುತ್ತಾರೆ. ಬಾಯಿಗೆ, ಕಿವಿಗೆ, ಕನ್ನಡಕ್ಕೆ ಒಗ್ಗಿದ ಇಂಟರ್ನೆಟ್ಟನ್ನು ಅವರಿಗೆ ಯಾರೂ ಶಿಬಿರ ಮಾಡಿ ಕಲಿಸಿರಲಿಲ್ಲ. ತಪ್ಪೊತ್ತಿದರೆ ಪಿಂಚಣಿಯೇ ನಿಂತೀತೆಂಬ ಭಯ ಗುಲಾಬಿ ಕಳಿಸುವಾಗ ಇರುವುದಿಲ್ಲವಲ್ಲ.

“ನೀವು ಇರೋದು ಸಿಸ್ಟಂನಾಗ ತೋರಿಸವಲ್ದ್ರಿ ಅಜ್ಜಾರ.”

“ಹಂಗಾದ್ರ ಹೋದ ತಿಂಗಳ ರೊಕ್ಕ ತಗೊಂಡಾವ ಯಾರಪಾ?”

ಹುಡುಗ ತುಸು ಹೊತ್ತು ಯೋಚಿಸಿ, ಮೇಜಿನ ಕೆಳಖಾನೆಯಿಂದ ಒಂದು ಕಾಗದದ ಫಾರಂ ತೆಗೆದ. ಎರಡು ತಾಸಿನಿಂದ ಮೂರು ಕುರ್ಚಿ ಆಚೆಯೇ ಕೂತಿದ್ದ ಅಧಿಕಾರಿ ಕನ್ನಡಕದ ಮೇಲಿಂದ ಅಜ್ಜನನ್ನು ಒಮ್ಮೆ ನೋಡಿ ಸಹಿ ಹಾಕಿದರು.