ರಾತ್ರಿ ಇಳಿಯುವ ಚಾರ್ಜ್: ಬ್ಯಾಟರಿ ಬದಲಿಸುವ ಮೊದಲು

ಮಲಗುವಾಗ ಶೇ. 80 ಇದ್ದ ಚಾರ್ಜ್ ಬೆಳಿಗ್ಗೆ ಏಳುವಷ್ಟರಲ್ಲಿ ಶೇ. 50ಕ್ಕೆ ಇಳಿದಿರುತ್ತದೆ ಎಂದು ದೂರು ಹೇಳಿಕೊಂಡು ಮೊಬೈಲ್ ಅಂಗಡಿಗೆ ಹೋದವರಿಗೆ ಸಾಮಾನ್ಯವಾಗಿ ಸಿಗುವುದು ಎರಡೇ ಉತ್ತರ: ಬ್ಯಾಟರಿ ಹೋಗಿದೆ, ಬದಲಿಸಿ, ಇಲ್ಲವೇ ಫೋನ್ ಹಳೆಯದಾಗಿದೆ, ಹೊಸದನ್ನು ತೆಗೆದುಕೊಳ್ಳಿ. ಬಹುಪಾಲು ಸಂದರ್ಭಗಳಲ್ಲಿ ಈ ಎರಡೂ ಉತ್ತರಗಳು ತಪ್ಪು ಎಂಬುದು ನನ್ನ ದೃಢ ಅಭಿಪ್ರಾಯ. ಪರೀಕ್ಷೆಯನ್ನೇ ಮಾಡದೆ ಕೊಡುವ ಇಂಥ ಸಲಹೆಯಿಂದ ಹೆಚ್ಚಾಗಿ ಹಣ ಕಳೆದುಕೊಳ್ಳುವವರು ಸೆಟ್ಟಿಂಗ್ಸ್ ಒಳಗೆ ಇಳಿದು ನೋಡುವ ಅಭ್ಯಾಸವಿಲ್ಲದ ಹಿರಿಯರು. ಆದ್ದರಿಂದಲೇ ಇದನ್ನು ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇನೆ.

ಮೊದಲು ಲೆಕ್ಕವನ್ನು ನೋಡೋಣ. ಈಗಿನ ಸಾಧಾರಣ ಫೋನ್‌ಗಳಲ್ಲಿ 5000 ಎಂಎಎಚ್ (ಮಿಲಿ ಆಂಪಿಯರ್-ಗಂಟೆ) ಸಾಮರ್ಥ್ಯದ ಬ್ಯಾಟರಿ ಇರುತ್ತದೆ. ಪರದೆ ಆರಿಸಿ ಮೇಜಿನ ಮೇಲಿಟ್ಟ, ಎಲ್ಲವೂ ಸರಿಯಿರುವ ಫೋನ್ ಎಂಟು ಗಂಟೆಯಲ್ಲಿ ಶೇ. 2ರಷ್ಟು ಚಾರ್ಜ್ ಕಳೆದುಕೊಂಡರೆ ಅದು 100 ಎಂಎಎಚ್, ಅಂದರೆ ಸರಾಸರಿ 12ರಿಂದ 13 ಮಿಲಿ ಆಂಪಿಯರ್ ವಿದ್ಯುತ್ತು. ಅದೇ ಫೋನ್ ಶೇ. 30 ಕಳೆದುಕೊಂಡರೆ ಅದು ಸರಾಸರಿ 190 ಮಿಲಿ ಆಂಪಿಯರಿನ ಹತ್ತಿರಕ್ಕೆ ಬರುತ್ತದೆ, ಎಂದರೆ ಹದಿನೈದು ಪಟ್ಟು ಹೆಚ್ಚು. ಈಗ ಬ್ಯಾಟರಿ ಸವೆದಿದೆ ಎಂದೇ ಇಟ್ಟುಕೊಳ್ಳೋಣ. ಅದರ ಸಾಮರ್ಥ್ಯ ಮೊದಲಿನ ಶೇ. 70ಕ್ಕೆ ಇಳಿದು 3500 ಎಂಎಎಚ್ ಆಗಿದ್ದರೂ, ಅದೇ 100 ಎಂಎಎಚ್ ಖರ್ಚು ಪರದೆಯ ಮೇಲೆ ಶೇ. 3ರಷ್ಟು ಇಳಿಕೆಯಾಗಿ ಕಾಣಬೇಕೇ ಹೊರತು ಶೇ. 30 ಆಗಿ ಅಲ್ಲ. ಸವೆದ ಬ್ಯಾಟರಿ ಚಿಕ್ಕದಾದ ಬ್ಯಾಟರಿ, ಅಷ್ಟೆ. ಖರ್ಚನ್ನು ಹದಿನೈದು ಪಟ್ಟು ಏರಿಸುವ ಕೆಲಸವನ್ನು ಅದು ಮಾಡುವುದಿಲ್ಲ. ಆ ಖರ್ಚನ್ನು ಫೋನಿನೊಳಗೆ ಬೇರೆ ಯಾವುದೋ ಮಾಡುತ್ತಿದೆ. ಎಲ್ಲ ಸ್ವಿಚ್ ಆರಿಸಿದ ಮೇಲೂ ಕರೆಂಟ್ ಮೀಟರ್ ಓಡುತ್ತಿದ್ದರೆ ನಾವು ಹುಡುಕುವುದು ಯಾವ ಉಪಕರಣ ಇನ್ನೂ ಚಾಲೂ ಇದೆ ಎಂಬುದನ್ನು. ಇಲ್ಲಿಯೂ ಕೇಳಬೇಕಾದ ಪ್ರಶ್ನೆ ಅದೇ.

ಈ ಹುಡುಕಾಟಕ್ಕೆ ರಾತ್ರಿಯಷ್ಟು ಒಳ್ಳೆಯ ಹೊತ್ತು ಮತ್ತೊಂದಿಲ್ಲ. ಹಗಲಿನಲ್ಲಿ ಪರದೆ, ಕರೆ, ವಿಡಿಯೊ, ಕ್ಯಾಮೆರಾ ಎಲ್ಲವೂ ಸೇರಿ ಲೆಕ್ಕವನ್ನು ಗೋಜಲು ಮಾಡುತ್ತವೆ. ಪರದೆಯ ಬೆಳಕು ಕಡಿಮೆ ಮಾಡಿ, ಡಾರ್ಕ್ ಮೋಡ್ ಹಾಕಿ ಎಂಬ ಎಲ್ಲರಿಗೂ ಪರಿಚಿತವಾದ ಸಲಹೆಗಳು ಹಗಲಿಗೆ ಸರಿ. ರಾತ್ರಿ ಪರದೆಯೇ ಆರಿರುವುದರಿಂದ ಅವುಗಳಿಗೆ ಇಲ್ಲಿ ಕೆಲಸವಿಲ್ಲ. ಗಡಿಯಾರವನ್ನು ಸದಾ ತೋರಿಸುವ ಆಲ್ವೇಸ್ ಆನ್ ಡಿಸ್‌ಪ್ಲೇ ಇದ್ದವರು ಮಾತ್ರ ಅದನ್ನು ಆಫ್ ಮಾಡಿ ನೋಡಬೇಕು.

ಫೋನ್ ನಿಜವಾಗಿಯೂ ಮಲಗುತ್ತದೆ ಎಂಬುದು ಅನೇಕರಿಗೆ ತಿಳಿದಿಲ್ಲ. 2015ರಲ್ಲಿ ಬಂದ ಆಂಡ್ರಾಯ್ಡ್ 6ರಲ್ಲಿ ಡೋಜ್ ಎಂಬ ವ್ಯವಸ್ಥೆಯನ್ನು ಸೇರಿಸಲಾಯಿತು. ಚಾರ್ಜರ್‌ಗೆ ಹಾಕದೆ, ಪರದೆ ಆರಿಸಿ, ಅಲುಗಾಡದಂತೆ ಇಟ್ಟ ಫೋನ್ ಸ್ವಲ್ಪ ಹೊತ್ತಿನ ನಂತರ ಆ್ಯಪ್‌ಗಳ ಇಂಟರ್ನೆಟ್ ಬಳಕೆಯನ್ನೂ ಹಿನ್ನೆಲೆಯ ಕೆಲಸಗಳನ್ನೂ ತಡೆದು ನಿಲ್ಲಿಸುತ್ತದೆ. ಆಗಾಗ ಸ್ವಲ್ಪ ಹೊತ್ತು ಎದ್ದು ಬಾಕಿ ಕೆಲಸಗಳನ್ನೆಲ್ಲ ಒಟ್ಟಿಗೆ ಮುಗಿಸಿ ಮತ್ತೆ ಮಲಗುತ್ತದೆ. ರಾತ್ರಿ ಕಳೆದಂತೆ ಈ ಎಚ್ಚರಗಳ ನಡುವಿನ ಅಂತರವೂ ಹೆಚ್ಚುತ್ತಾ ಹೋಗುತ್ತದೆ. 2018ರ ಆಂಡ್ರಾಯ್ಡ್ 9 ಇದರ ಜೊತೆಗೆ, ನಾವು ಅಪರೂಪಕ್ಕೆ ತೆರೆಯುವ ಆ್ಯಪ್‌ಗಳಿಗೆ ಇನ್ನೂ ಬಿಗಿಯಾದ ಮಿತಿಗಳನ್ನು ಹಾಕಿತು. ಐಫೋನ್‌ನಲ್ಲಿ ಹಿನ್ನೆಲೆಯ ಕೆಲಸಕ್ಕೆ ಮೊದಲಿನಿಂದಲೂ ಕಡಿವಾಣ ಹೆಚ್ಚು. ಇಷ್ಟೆಲ್ಲ ಇದ್ದೂ ರಾತ್ರಿ ಚಾರ್ಜ್ ಇಳಿಯುತ್ತಿದ್ದರೆ, ಯಾವುದೋ ಒಂದು ಕಾರಣ ಫೋನನ್ನು ಮಲಗಲು ಬಿಡುತ್ತಿಲ್ಲ ಎಂದೇ ಅರ್ಥ.

ಕಾರಣವನ್ನು ಕಂಡುಹಿಡಿಯಲು ನಾನು ಎಲ್ಲರಿಗೂ ಹೇಳುವ ಕ್ರಮ ತೀರಾ ಸರಳವಾದದ್ದು. ಒಂದು ರಾತ್ರಿ ಚಾರ್ಜ್ ಎಷ್ಟಿದೆ ಎಂದು ಬರೆದಿಟ್ಟು ಫೋನನ್ನು ಪೂರ್ತಿ ಸ್ವಿಚ್ ಆಫ್ ಮಾಡಿ. ಬೆಳಿಗ್ಗೆ ಆನ್ ಮಾಡಿದಾಗ ಒಂದೆರಡು ಅಂಕೆ ಕಡಿಮೆ ಇದ್ದರೆ ಚಿಂತೆಯಿಲ್ಲ, ಆನ್ ಆಗುವುದಕ್ಕೇ ಅಷ್ಟು ಬೇಕು. ಆರಿಸಿಟ್ಟ ಫೋನಿನಲ್ಲಿಯೂ ಹತ್ತು ಹದಿನೈದು ಅಂಕೆ ಇಳಿದಿದ್ದರೆ ದೋಷ ಬ್ಯಾಟರಿಯದ್ದೋ ಒಳಗಿನ ಹಾರ್ಡ್‌ವೇರ್‌ನದ್ದೋ ಆಗಿರುತ್ತದೆ. ಆಗ ಅಂಗಡಿಗೆ ಹೋಗುವುದೇ ಸರಿ. ಇಳಿಯದಿದ್ದರೆ ಮರುದಿನ ರಾತ್ರಿ ಫೋನನ್ನು ಆನ್ ಇಟ್ಟು, ಫ್ಲೈಟ್ ಮೋಡ್ ಹಾಕಿ, ವೈಫೈ ಮತ್ತು ಬ್ಲೂಟೂತ್ ಕೂಡ ಆರಿಸಿ ಮಲಗಿ. ಈಗ ಚಾರ್ಜ್ ಇಳಿಯುವುದು ನಿಂತರೆ ಖರ್ಚು ನೆಟ್‌ವರ್ಕ್‌ನಲ್ಲಿ ಅಥವಾ ನೆಟ್‌ವರ್ಕ್ ಬಳಸುವ ಆ್ಯಪ್‌ಗಳಲ್ಲಿ ಇದೆ. ಆಗಲೂ ಇಳಿದರೆ ಯಾವುದೋ ಆ್ಯಪ್ ಪ್ರೊಸೆಸರನ್ನೇ ಎಚ್ಚರವಾಗಿ ಹಿಡಿದಿಟ್ಟಿದೆ. ಮನೆಯಲ್ಲಿ ಕಾಯಿಲೆಯವರಿದ್ದು ರಾತ್ರಿ ಕರೆ ಬರಬೇಕಾದವರು ಈ ಪರೀಕ್ಷೆಗಳನ್ನು ಇನ್ನೊಂದು ಫೋನ್ ಹತ್ತಿರವಿರುವ ದಿನ ಮಾಡಬೇಕು. ಸ್ವಿಚ್ ಆಫ್ ಮಾಡಿದರೆ ಬಹುತೇಕ ಫೋನ್‌ಗಳಲ್ಲಿ ಅಲಾರಂ ಕೂಡ ಹೊಡೆಯುವುದಿಲ್ಲ ಎಂಬುದನ್ನೂ ನೆನಪಿಡಬೇಕು.

ನಮ್ಮ ಕಡೆ, ಅದರಲ್ಲಿಯೂ ಮಲೆನಾಡಿನಲ್ಲಿ, ನಾನು ಹೆಚ್ಚಾಗಿ ಕಂಡಿರುವ ಕಾರಣ ಸಿಗ್ನಲ್. ಸುಮ್ಮನೆ ಇಟ್ಟಿರುವ ಫೋನ್ ಕೂಡ ಒಂದೆರಡು ಸೆಕೆಂಡಿಗೊಮ್ಮೆ ಎದ್ದು, ತನಗೇನಾದರೂ ಕರೆ ಇದೆಯೇ ಎಂದು ಟವರ್‌ನ ಸಂದೇಶವನ್ನು ಆಲಿಸುತ್ತದೆ. ಟವರ್ ಸ್ಪಷ್ಟವಾಗಿ ಸಿಗುತ್ತಿದ್ದರೆ ಇದು ಕ್ಷಣಾರ್ಧದ ಕೆಲಸ. ಸಿಗ್ನಲ್ ಅಂಚಿನಲ್ಲಿದ್ದರೆ ಫೋನ್ ಒಂದು ಟವರ್‌ನಿಂದ ಇನ್ನೊಂದಕ್ಕೆ, 5ಜಿಯಿಂದ 4ಜಿಗೆ, ಅಲ್ಲಿಂದ ಮತ್ತೆ ಹಿಂದಕ್ಕೆ ಜಿಗಿಯುತ್ತಲೇ ಇರುತ್ತದೆ. ಹೀಗೆ ಬದಲಾಯಿಸುವಾಗ ಅನೇಕ ಬಾರಿ ತನ್ನ ಇರವನ್ನು ನೆಟ್‌ವರ್ಕ್‌ಗೆ ಮತ್ತೆ ತಿಳಿಸಬೇಕಾಗುತ್ತದೆ, ಟವರ್ ದೂರವಿದ್ದಷ್ಟೂ ಜೋರಾಗಿ ತಿಳಿಸಬೇಕಾಗುತ್ತದೆ. ನೆಟ್‌ವರ್ಕ್ ಪೂರ್ತಿ ಹೋದರಂತೂ ತನಗೆ ಗೊತ್ತಿರುವ ಎಲ್ಲ ತರಂಗಾಂತರಗಳನ್ನೂ ಮತ್ತೆ ಮತ್ತೆ ಜಾಲಾಡುತ್ತದೆ. ಇದು ಡೋಜ್‌ನ ಹಿಡಿತದಲ್ಲಿ ಇಲ್ಲ. ಆ್ಯಪ್‌ಗಳನ್ನೆಲ್ಲ ಮಲಗಿಸಿದರೂ ಫೋನಿನ ರೇಡಿಯೊ ಮಲಗಲಾರದು.

ಹೊಸನಗರ ತಾಲ್ಲೂಕಿನಲ್ಲಿರುವ ನಮ್ಮ ಚಿಕ್ಕಮ್ಮನ ಫೋನ್ ಇದಕ್ಕೆ ಒಳ್ಳೆಯ ಉದಾಹರಣೆ. ಮನೆ ಗುಡ್ಡದ ಇಳಿಜಾರಿನಲ್ಲಿದೆ, ಕೆಳಗೆ ಅಡಿಕೆ ತೋಟ. ರಾತ್ರಿ ಮುಕ್ಕಾಲು ಭಾಗ ಇದ್ದ ಚಾರ್ಜ್ ಬೆಳಿಗ್ಗೆ ಹಾಲು ಕರೆಯುವ ಹೊತ್ತಿಗೆ ಅರ್ಧಕ್ಕಿಂತ ಕೆಳಗೆ ಬಂದಿರುತ್ತಿತ್ತು. ಪೇಟೆಯ ಅಂಗಡಿಯೊಂದರಲ್ಲಿ ಬ್ಯಾಟರಿ ಬದಲಿಸಿದ್ದೂ ಆಗಿತ್ತು, ಹೊಸ ಬ್ಯಾಟರಿಯ ಚಾರ್ಜೂ ಅದೇ ರೀತಿ ಇಳಿಯುತ್ತಿತ್ತು. "ಇದಕ್ಕೆ ಆಯುಷ್ಯ ಮುಗೀತು ಅಂತ ಅವ್ರು ಹೇಳಿದಾರೆ ಮಾರಾಯ, ಇನ್ನು ಹೊಸದೇ ತಗೊಳ್ಳೋದು" ಎಂದು ಅವರು ನಿರ್ಧರಿಸಿಬಿಟ್ಟಿದ್ದರು. ಸೆಟ್ಟಿಂಗ್ಸ್‌ನ ಬ್ಯಾಟರಿ ಪುಟ ತೆರೆದು ನೋಡಿದರೆ ರಾತ್ರಿಯ ಗೆರೆ ಎಲ್ಲಿಯೂ ಸಮತಟ್ಟಾಗದೆ ಒಂದೇ ಓಟದಲ್ಲಿ ಕೆಳಗಿಳಿದಿತ್ತು, ಬಳಕೆಯ ಪಟ್ಟಿಯಲ್ಲಿ ಎಲ್ಲಕ್ಕಿಂತ ಮೇಲೆ ಮೊಬೈಲ್ ನೆಟ್‌ವರ್ಕ್ ಇತ್ತು. ಫೋನಿನಲ್ಲಿ ಎರಡು ಸಿಮ್. ಒಂದು, ಪ್ರತಿದಿನ ಬಳಸುವುದು; ಇನ್ನೊಂದು ಹಿಂದೆ ಯಾವಾಗಲೋ ಕಡಿಮೆ ಬೆಲೆಯ ಪ್ಲಾನ್ ಸಿಕ್ಕಿತೆಂದು ಹಾಕಿಸಿದ್ದು, ಅದರ ಟವರ್ ಇದ್ದದ್ದು ಗುಡ್ಡದ ಆಚೆ. ಆ ಎರಡನೇ ಸಿಮ್‌ನ ಒಂದು ಕಡ್ಡಿ ನಾವು ನೋಡುತ್ತಿರುವಾಗಲೇ ಬರುವುದು, ಮಾಯವಾಗುವುದು, ಮತ್ತೆ ಬರುವುದು ನಡೆದಿತ್ತು. ಮೊದಲನೆಯ ಸಿಮ್‌ನ ಸ್ಥಿತಿಯೂ ಅಷ್ಟಕ್ಕಷ್ಟೆ. ಫೋನಿನ ಮಾಹಿತಿ ಪುಟದ ಸಿಮ್ ಸ್ಟೇಟಸ್‌ನಲ್ಲಿ ಸಿಗ್ನಲ್ ಪ್ರಮಾಣ ಡಿಬಿಎಂ ಲೆಕ್ಕದಲ್ಲಿ ಕಾಣುತ್ತದೆ. 4ಜಿಯಲ್ಲಿ ಮೈನಸ್ 90ರ ಆಸುಪಾಸು ಇದ್ದರೆ ಚೆನ್ನಾಗಿದೆ ಎನ್ನಬಹುದು, ಮೈನಸ್ 115 ದಾಟಿದರೆ ಫೋನ್ ಕಷ್ಟಪಡುತ್ತಿದೆ ಎಂದರ್ಥ. ಚಿಕ್ಕಮ್ಮ ರಾತ್ರಿ ಫೋನ್ ಇಡುತ್ತಿದ್ದ ಒಳಕೋಣೆಯ ಗೂಡಿನಲ್ಲಿ ಆ ಸಂಖ್ಯೆ ಮೈನಸ್ 118ರವರೆಗೆ ಹೋಗುತ್ತಿತ್ತು, ಜಗಲಿಯ ಕಿಟಕಿಯ ಬಳಿ ಮೈನಸ್ 100ರ ಸುತ್ತ ನಿಲ್ಲುತ್ತಿತ್ತು.

ಎರಡನೇ ಸಿಮ್ಮನ್ನು ಸೆಟ್ಟಿಂಗ್ಸ್‌ನಲ್ಲೇ ಆಫ್ ಮಾಡಿದೆವು, ಆ ಊರಿನಲ್ಲಿ ಸರಿಯಾಗಿ ಸಿಗದ 5ಜಿಯನ್ನು ಬಿಟ್ಟು 4ಜಿಯನ್ನಷ್ಟೇ ಆಯ್ಕೆ ಮಾಡಿದೆವು, ಫೋನ್ ಇಡುವ ಜಾಗ ಜಗಲಿಯ ಕಿಟಕಿಗೆ ಬಂತು. ಮರುದಿನ ಬೆಳಿಗ್ಗೆ ಇಳಿದದ್ದು ಮೂರು ನಾಲ್ಕು ಅಂಕೆ ಮಾತ್ರ. ಹೊಸ ಫೋನಿನ ಮಾತು ಅಲ್ಲಿಗೆ ನಿಂತಿತು. ಇಲ್ಲಿ ಒಂದು ಎಚ್ಚರಿಕೆ ಅಗತ್ಯ: ಎರಡನೇ ಸಿಮ್ ಆಫ್ ಮಾಡುವ ಮೊದಲು ಬ್ಯಾಂಕ್, ಆಧಾರ್, ಗ್ಯಾಸ್ ಬುಕಿಂಗ್ ಯಾವ ಸಂಖ್ಯೆಗೆ ಜೋಡಣೆಯಾಗಿವೆ ಎಂದು ನೋಡಿಕೊಳ್ಳಬೇಕು, ಬಳಕೆಯೇ ಇಲ್ಲದೆ 90 ದಿನ ಕಳೆದರೆ ಆ ಸಂಖ್ಯೆ ನಿಷ್ಕ್ರಿಯವಾಗಲೂಬಹುದು.

ಮನೆಗೆ ಫೈಬರ್ ಇಂಟರ್ನೆಟ್ ಬಂದಿರುವವರಿಗೆ ಇನ್ನೂ ಒಳ್ಳೆಯ ದಾರಿಯಿದೆ. ಏರ್‌ಟೆಲ್ 2019ರ ಡಿಸೆಂಬರ್‌ನಲ್ಲಿ, ಜಿಯೋ 2020ರ ಜನವರಿಯಲ್ಲಿ ವೈಫೈ ಕಾಲಿಂಗ್ ಆರಂಭಿಸಿದವು. ಅದನ್ನು ಸೆಟ್ಟಿಂಗ್ಸ್‌ನಲ್ಲಿ ಆನ್ ಮಾಡಿ, ರಾತ್ರಿ ಫ್ಲೈಟ್ ಮೋಡ್ ಹಾಕಿ ವೈಫೈ ಒಂದನ್ನೇ ಚಾಲೂ ಇಟ್ಟರೆ ಬಹುತೇಕ ಫೋನ್‌ಗಳಲ್ಲಿ ಮಾಮೂಲಿ ಕರೆಗಳು ವೈಫೈ ಮೂಲಕವೇ ಬರುತ್ತವೆ, ಟವರ್ ಹುಡುಕುವ ಖರ್ಚು ಪೂರ್ತಿ ಉಳಿಯುತ್ತದೆ. ಆದರೆ ಮಳೆಗಾಲದಲ್ಲಿ ಕರೆಂಟ್ ಹೋದರೆ ರೂಟರ್ ಕೂಡ ಆರುತ್ತದೆ, ಆಗ ಫೋನಿಗೆ ಯಾವ ಕರೆಯೂ ಬಾರದು. ರೂಟರ್‌ಗೆ ಚಿಕ್ಕ ಯುಪಿಎಸ್ ಇಲ್ಲದ ಮನೆಯವರು, ಅದರಲ್ಲಿಯೂ ವಯಸ್ಸಾದವರು ಒಬ್ಬರೇ ಇರುವ ಮನೆಯವರು, ಇದನ್ನು ಮಾಡಬಾರದು.

ಇನ್ನು ಆ್ಯಪ್‌ಗಳ ವಿಷಯ. ಬೆಂಗಳೂರಿನಂಥ ಕಡೆ ಸಿಗ್ನಲ್ ಚೆನ್ನಾಗಿದ್ದೂ ಚಾರ್ಜ್ ಇಳಿಯುತ್ತಿದ್ದರೆ ಅನುಮಾನ ಮೊದಲು ಇವುಗಳ ಮೇಲೆ ಹೋಗಬೇಕು. ವಾಟ್ಸ್‌ಆ್ಯಪ್ ಆಂಡ್ರಾಯ್ಡ್ ಫೋನ್‌ಗಳಲ್ಲಿ ಪ್ರತಿದಿನ ರಾತ್ರಿ 2 ಗಂಟೆಗೆ ಫೋನಿನೊಳಗೇ ಒಂದು ಬ್ಯಾಕಪ್ ಮಾಡಿಕೊಳ್ಳುತ್ತದೆ. ಅದು ದೊಡ್ಡ ಖರ್ಚಲ್ಲ. ಆದರೆ ವಿಡಿಯೊಗಳನ್ನೂ ಸೇರಿಸಿ ಮೊಬೈಲ್ ಡೇಟಾದಲ್ಲಿ ಗೂಗಲ್ ಖಾತೆಗೆ ಕಳಿಸುವಂತೆ ಇಟ್ಟುಕೊಂಡಿದ್ದರೆ, ಫ್ಯಾಮಿಲಿ ಗ್ರೂಪಿನ ಮದುವೆ ವಿಡಿಯೊಗಳೆಲ್ಲ ನಡುರಾತ್ರಿ ಮೇಲೇರುತ್ತಿರುತ್ತವೆ. ವೈಫೈ ಇದ್ದಾಗ ಮಾತ್ರ ಎಂದು ಬದಲಿಸಿ, ವಿಡಿಯೊ ಸೇರಿಸುವ ಆಯ್ಕೆಯನ್ನು ತೆಗೆದರೆ ಸಾಕು. ಸದಾ ಲೊಕೇಶನ್ ಅನುಮತಿ ಪಡೆದ ಆ್ಯಪ್‌ಗಳನ್ನೂ, ಬ್ಯಾಟರಿ ಬಳಕೆಯಲ್ಲಿ ‘ಅನ್‌ರಿಸ್ಟ್ರಿಕ್ಟೆಡ್’ ಎಂದಿರುವ ಆ್ಯಪ್‌ಗಳನ್ನೂ ಒಂದೊಂದಾಗಿ ನೋಡಿ. ಗಿಡಮರಗಳ ಫೋಟೊ ತೋರಿಸುವ ವಾಲ್‌ಪೇಪರ್ ಆ್ಯಪ್‌ಗೆ ಇಡೀ ರಾತ್ರಿ ನಮ್ಮ ಲೊಕೇಶನ್ ಏಕೆ ಬೇಕು? ಬಳಕೆಯ ಪಟ್ಟಿಯಲ್ಲಿ ಗೂಗಲ್ ಪ್ಲೇ ಸರ್ವೀಸಸ್ ಮೇಲ್ಗಡೆ ಕಂಡರೆ ಅದನ್ನು ನಿಲ್ಲಿಸಲು ಹೋಗಬೇಡಿ. ಬೇರೆ ಆ್ಯಪ್‌ಗಳು ಲೊಕೇಶನ್ ಕೇಳುವುದು ಅದರ ಮೂಲಕವಾದ್ದರಿಂದ ಅವುಗಳ ಖರ್ಚು ಅದರ ಹೆಸರಿಗೆ ಬಿದ್ದಿರುವ ಸಾಧ್ಯತೆ ಹೆಚ್ಚು. ಯಾವ ಆ್ಯಪ್ ಎಂದು ತಿಳಿಯದಿದ್ದರೆ ಒಂದು ರಾತ್ರಿ ಸೇಫ್ ಮೋಡ್‌ನಲ್ಲಿ ಬಿಡಿ. ಆಗ ನಾವಾಗಿ ಹಾಕಿಕೊಂಡ ಆ್ಯಪ್‌ಗಳು ಓಡುವುದಿಲ್ಲ; ಚಾರ್ಜ್ ಇಳಿಯುವುದು ನಿಂತಿತೆಂದರೆ ತೊಂದರೆ ಅವುಗಳಲ್ಲೇ ಒಂದರಲ್ಲಿದೆ, ಇತ್ತೀಚೆಗೆ ಹಾಕಿದ್ದರಿಂದ ಆರಂಭಿಸಿ ತೆಗೆಯುತ್ತಾ ಬರಬಹುದು. ಸಿಸ್ಟಂ ಅಪ್‌ಡೇಟ್ ಆದ ಮರುದಿನವೇ ಈ ಪರೀಕ್ಷೆ ಮಾಡಬೇಡಿ, ಫೋನ್ ಆಗ ತನ್ನ ಒಳಗಿನ ಕೆಲಸಗಳಲ್ಲಿ ಒಂದೆರಡು ದಿನ ತೊಡಗಿರುತ್ತದೆ.

ಬ್ಯಾಟರಿ ಉಳಿಸುತ್ತೇವೆ, ಫೋನ್ ಕ್ಲೀನ್ ಮಾಡುತ್ತೇವೆ ಎನ್ನುವ ಆ್ಯಪ್‌ಗಳನ್ನು ದಯವಿಟ್ಟು ತೆಗೆದುಹಾಕಿ. ಅವು ಇತರ ಆ್ಯಪ್‌ಗಳನ್ನು ಮುಚ್ಚುತ್ತವೆ, ಮುಚ್ಚಿದವು ಮೊದಲಿನಿಂದ ಮತ್ತೆ ತೆರೆದುಕೊಳ್ಳುತ್ತವೆ, ಅದಕ್ಕೇ ಹೆಚ್ಚು ಚಾರ್ಜ್ ಬೇಕಾಗುತ್ತದೆ. ಮಧ್ಯೆ ಅವುಗಳ ಜಾಹೀರಾತು ಬೇರೆ.

ಬ್ಯಾಟರಿ ನಿಜವಾಗಿಯೂ ಕೆಟ್ಟಿರುವ ಫೋನ್‌ಗಳೂ ಇವೆ, ಅವುಗಳ ಲಕ್ಷಣ ಬೇರೆ. ಶೇ. 40 ತೋರಿಸುತ್ತಿದ್ದದ್ದು ಒಮ್ಮೆಗೇ 15ಕ್ಕೆ ಬೀಳುತ್ತದೆ, ಕ್ಯಾಮೆರಾ ತೆರೆದ ಕೂಡಲೇ ಫೋನ್ ಆಫ್ ಆಗುತ್ತದೆ, ಸುಮ್ಮನೆ ಇಟ್ಟಾಗಲೂ ಬೆಚ್ಚಗಾಗುತ್ತದೆ, ಅಥವಾ ಹಿಂಬದಿಯ ಮುಚ್ಚಳ ಉಬ್ಬಿ ಅಂಚಿನಲ್ಲಿ ಸಂದು ಕಾಣುತ್ತದೆ. ಉಬ್ಬಿದ ಬ್ಯಾಟರಿಯ ಫೋನನ್ನು ಚಾರ್ಜ್‌ಗೆ ಹಾಕಲೇಬಾರದು, ಮರುದಿನಕ್ಕೆ ಕಾಯದೆ ಅಂಗಡಿಗೆ ಒಯ್ಯಬೇಕು.

ಫೋನ್ ತಯಾರಿಸುವವರ ಬಗ್ಗೆ ನನ್ನ ಅಸಮಾಧಾನ ಒಂದಿದೆ. ರಾತ್ರಿ ಫೋನ್ ಏಕೆ ಎದ್ದಿತ್ತು, ಯಾವ ಆ್ಯಪ್ ಅದನ್ನು ಹಿಡಿದಿಟ್ಟಿತ್ತು, ಸಿಗ್ನಲ್ ಎಷ್ಟು ಹೊತ್ತು ಇರಲಿಲ್ಲ ಎಂಬ ವಿವರಗಳೆಲ್ಲ ಆಂಡ್ರಾಯ್ಡ್‌ನಲ್ಲಿ ದಾಖಲಾಗುತ್ತವೆ. ಅವನ್ನು ಪೂರ್ತಿಯಾಗಿ ನೋಡಬೇಕೆಂದರೆ ಮಾತ್ರ ಫೋನನ್ನು ಕಂಪ್ಯೂಟರ್‌ಗೆ ಜೋಡಿಸಿ ಕಮಾಂಡ್ ಬರೆಯಬೇಕು. ಪ್ರೋಗ್ರಾಮರುಗಳಿಗೆ ಸಿಗುವ ಆ ಮಾಹಿತಿಯನ್ನು, "ನಿನ್ನೆ ರಾತ್ರಿ ನಿಮ್ಮ ಎರಡನೇ ಸಿಮ್‌ಗೆ ಐದು ಗಂಟೆ ಕಾಲ ನೆಟ್‌ವರ್ಕ್ ಸಿಗಲಿಲ್ಲ, ಅದನ್ನು ಆಫ್ ಮಾಡಬೇಕೇ?" ಎಂದು ಕನ್ನಡದಲ್ಲಿ ಒಂದು ಸಾಲಾಗಿ ಬೆಳಿಗ್ಗೆ ಪರದೆಯ ಮೇಲೆ ತೋರಿಸುವುದು ಕಷ್ಟದ ಕೆಲಸವಲ್ಲ. ಅದು ಬರುವವರೆಗೆ, ನಿಮ್ಮ ಮನೆಯ ಹಿರಿಯರ ಫೋನನ್ನು ಅಂಗಡಿಗೆ ಕಳಿಸುವ ಮೊದಲು ಬ್ಯಾಟರಿ ಪುಟದ ರಾತ್ರಿಯ ಗೆರೆಯನ್ನೂ ಬಳಕೆಯ ಪಟ್ಟಿಯನ್ನೂ ಸ್ಕ್ರೀನ್‌ಶಾಟ್ ತೆಗೆದಿಡಿ, ಅಂಗಡಿಯವರು ಫೋನ್ ಬಿಚ್ಚುವ ಮುಂಚೆ ಅದನ್ನು ಅವರಿಗೆ ತೋರಿಸಿ.