ಬೆಕ್ಕಿನ ಮೀಸೆ

ಕಂಪ್ಯೂಟರ್‌ನಲ್ಲಿ ಬೆಕ್ಕಿನ ಚಿತ್ರ ಬಿಡಿಸುತ್ತಾ ಮೀಸೆಗೆ ಬಂದಾಗ ಗೊತ್ತಾಯ್ತು, ಡಿಜಿಟಲ್ ಪೆನ್ನು ಕೈಕೊಟ್ಟಿದೆ ಅಂತ. ಬುಡದಲ್ಲಿ ಒತ್ತಿ ತುದಿಯಲ್ಲಿ ತೇಲಿಸಿದರೆ ಗೆರೆ ಸಣ್ಣಗಾಗುತ್ತಾ ಹೋಗಬೇಕಿತ್ತು. ಉದ್ದಕ್ಕೂ ಒಂದೇ ದಪ್ಪ ಬಂತು. ಬೆಕ್ಕಿನ ಕೆನ್ನೆಗೆ ಕಬ್ಬಿಣದ ತಂತಿ ಚುಚ್ಚಿದ ಹಾಗಿತ್ತು.

ಟ್ಯಾಬ್ಲೆಟ್, ಅಂದರೆ ಆ ಪೆನ್ನಿನಿಂದ ಗೀಚುವ ಹಲಗೆ, ಪೂರ್ತಿ ಸತ್ತಿದ್ದರೆ ಎಷ್ಟೋ ವಾಸಿ. ಕೇಬಲ್ ಬದಲಿಸಬಹುದು. ಕೆಲವು ಕೇಬಲ್‌ಗಳಲ್ಲಿ ಚಾರ್ಜ್ ಮಾತ್ರ ಆಗುತ್ತದೆ, ಡೇಟಾ ಹೋಗುವುದಿಲ್ಲ. ದೀಪ ಉರಿಯುತ್ತಿರುತ್ತದೆ, ಕಂಪ್ಯೂಟರ್‌ಗೆ ಮಾತ್ರ ಅದು ಕಾಣಿಸುವುದೇ ಇಲ್ಲ. ಹಿಂದೊಮ್ಮೆ ಇದಕ್ಕೇ ಒಂದಿಡೀ ಸಂಜೆ ಕಳೆದಿದ್ದೆ. ಈ ಸಲ ಹಾಗಲ್ಲ. ಕರ್ಸರ್ ಓಡುತ್ತಿದೆ, ಕ್ಲಿಕ್ಕೂ ಆಗುತ್ತಿದೆ. ಒತ್ತಡ ಮಾತ್ರ ಮಾಯ. ಪೆನ್ನು ಸುಮ್ನೆ ಒಂದು ಮೌಸ್ ಆಗಿಬಿಟ್ಟಿದೆ.

ನನ್ನ ಪೆನ್ನಿಗೆ ಬ್ಯಾಟರಿ ಇಲ್ಲ. ಟ್ಯಾಬ್ಲೆಟ್‌ನ ಹಾಳೆಯ ಕೆಳಗೆ ತಂತಿಗಳ ಬಲೆ ಇದೆ. ಅದು ಎಬ್ಬಿಸುವ ಕಾಂತಕ್ಷೇತ್ರದಿಂದಲೇ ಪೆನ್ನಿನೊಳಗಿನ ಪುಟ್ಟ ಸುರುಳಿ ಶಕ್ತಿ ಪಡೆದು, ಅದಕ್ಕೇ ಉತ್ತರ ಕೊಡುತ್ತದೆ. ಕೆರೆಯ ನೀರನ್ನು ಕೆರೆಗೆ ಚೆಲ್ಲುವುದು ಅಂದರೆ ಇದೇ. ಪೆನ್ನು ಇನ್ನೂ ಒಂದು ಸೆಂಟಿಮೀಟರ್ ಮೇಲಿರುವಾಗಲೇ ಕರ್ಸರ್ ಕದಲುವುದೂ ಇದರಿಂದಲೇ. ಒತ್ತಿದರೆ ಆ ಉತ್ತರ ಕೊಂಚ ಬದಲಾಗುತ್ತದೆ. ಟ್ಯಾಬ್ಲೆಟ್ ಅದನ್ನು 8192 ಹಂತಗಳಲ್ಲಿ ಗುರುತಿಸುತ್ತದಂತೆ. ನನ್ನ ಬೆರಳಿಗೆ ಗೊತ್ತಿರುವುದು ಮೂರೇ ಹಂತ: ಮೆಲ್ಲಗೆ, ಜೋರಾಗಿ, ಸಿಟ್ಟಿನಲ್ಲಿ.

ಮೂರನ್ನೂ ನೋಡಿದೆ. ರೀಸ್ಟಾರ್ಟ್ ಮಾಡಿದೆ. ನಿಬ್ ಒಂದು ಕಡೆ ಸವೆದು ಉಳಿಯಂತಾಗಿತ್ತು, ಬದಲಿಸಿದೆ. ಹಳೆಯ ಟ್ಯಾಬ್ಲೆಟ್‌ನ ಡ್ರೈವರ್, ಅಂದರೆ ಅದರ ಮಾತನ್ನು ಕಂಪ್ಯೂಟರ್‌ಗೆ ತಿಳಿಸುವ ಸಾಫ್ಟ್‌ವೇರ್, ಇನ್ನೂ ಒಳಗೇ ಕೂತಿತ್ತು. ಒಂದೇ ಒರೆಯಲ್ಲಿ ಎರಡು ಕತ್ತಿ! ಕಿತ್ತು ಹಾಕಿದೆ. ಬೆಕ್ಕು ಮಾತ್ರ ತಂತಿ ಮೀಸೆಯಲ್ಲೇ ನೋಡುತ್ತಿತ್ತು.

ಕೊನೆಗೆ ಸಿಕ್ಕಿದ್ದು ಡ್ರೈವರ್ ಸೆಟ್ಟಿಂಗ್‌ನ ಒಂದು ಪುಟ್ಟ ಚೌಕ. ‘ವಿಂಡೋಸ್ ಇಂಕ್’ ಎದುರು ಟಿಕ್ ಇರಲಿಲ್ಲ. ನನ್ನ ಚಿತ್ರದ ಆ್ಯಪ್‌ಗೆ ಒತ್ತಡದ ಸುದ್ದಿ ತಲುಪುವುದು ಆ ದಾರಿಯಲ್ಲೇ. ಯಾರು ತೆಗೆದರು? ಬಯ್ಯಲು ಬಾಯಿ ತೆರೆದವನಿಗೆ ನೆನಪಾಯ್ತು, ಹೋದ ವಾರ ನಾನೇ ತೆಗೆದಿದ್ದೆ. ಯಾಕೆ ಅಂತ ಮಾತ್ರ ನೆನಪಾಗಲಿಲ್ಲ.

ಟಿಕ್ ಹಾಕಿ ಆ್ಯಪ್ ಮುಚ್ಚಿ ತೆರೆದೆ. ಮೀಸೆ ಬಂತು. ಬುಡ ದಪ್ಪ, ತುದಿ ಇದೆಯೋ ಇಲ್ಲವೋ ಅನ್ನುವಷ್ಟು ಸಣ್ಣ. ಆರನ್ನೂ ಎಳೆದು ಕಣ್ಣಿಗೆ ಬಂದೆ. ಕಣ್ಣಪಾಪೆಗೆ ಚುಕ್ಕೆ ಇಡಲು ಪೆನ್ನನ್ನು ಒಂದು ಕ್ಷಣ ಅಲ್ಲೇ ಒತ್ತಿ ಹಿಡಿದೆ. ನೀರಿಗೆ ಹನಿ ಬಿದ್ದಂತೆ ಒಂದು ಉಂಗುರ ಎದ್ದಿತು. ಹಿಂದೆಯೇ ಬೆಕ್ಕಿನ ಮುಖದ ತುಂಬಾ ರೈಟ್ ಕ್ಲಿಕ್ ಮೆನು ತೆರೆದುಕೊಂಡಿತು.

ಓಹೋ, ಇದಕ್ಕೇ ಅಲ್ವಾ ತೆಗೆದಿದ್ದು!